ಏಳು ಪಂದ್ಯಗಳ ಲೆಕ್ಕ: ಟೊರೊಂಟೊದ ಎರಡು ತಂಡಗಳು ಕಲಿಸಿದ ಸಂಭವನೀಯತೆ

2025ರ ಮೇ 19, ಸೋಮವಾರ ಬೆಳಿಗ್ಗೆ. ರಜೆ ಇತ್ತು, ನಾನು ಚಹಾ ಕುಡಿಯುತ್ತ ಕುಳಿತಿದ್ದೆ. ಕೆನಡಾದ ಟೊರೊಂಟೊದಲ್ಲಿ ಓದುತ್ತಿರುವ ನನ್ನ ಖಾಲಾ ಅವರ ಮಗ ಫೋನ್ ಮಾಡಿದರು. ಅವರನ್ನು ನಾನು ಭಾಯಿಜಾನ್ ಎಂದು ಕರೆಯುತ್ತೇನೆ. ಅಲ್ಲಿ ಆಗ ಭಾನುವಾರ ರಾತ್ರಿ. ಆ ಊರಿನ ಐಸ್ ಹಾಕಿ ತಂಡ ಟೊರೊಂಟೊ ಮೇಪಲ್ ಲೀಫ್ಸ್, ಫ್ಲೋರಿಡಾ ಪ್ಯಾಂಥರ್ಸ್ ಎದುರು ಏಳನೇ ಪಂದ್ಯವನ್ನು 6-1ರಿಂದ ಆಗಷ್ಟೇ ಸೋತಿತ್ತು.

ಸುಮಾರು ಹತ್ತು ದಿನಗಳ ಹಿಂದೆ ಇದೇ ತಂಡ ಸರಣಿಯಲ್ಲಿ 2-0 ಮುಂದಿತ್ತು. ಆಗ ಭಾಯಿಜಾನ್ "ಪಕ್ಕಾ ಹೈ ರೇ, ಪಕ್ಕಾ" ಎಂದು ಮೆಸೇಜ್ ಹಾಕಿದ್ದರು. ಈಗ ಅವರ ದನಿ ಸಣ್ಣಗಾಗಿತ್ತು. ಒಂದು ವಾರ ಗೋದಾಮಿನಲ್ಲಿ ರಾತ್ರಿ ಪಾಳಿ ದುಡಿದು ಗಳಿಸಿದ 400 ಡಾಲರ್, ಅಂದರೆ ಸುಮಾರು 24 ಸಾವಿರ ರೂಪಾಯಿ, ಒಂದು ಬೆಟ್ಟಿಂಗ್ ಆ್ಯಪ್‌ನಲ್ಲಿ ಹೋಗಿತ್ತು. ಅದು ಫೀಸಿಗೆ ಎಂದು ಎತ್ತಿಟ್ಟ ಹಣ. "ನೀನು ಸ್ಟಾಟಿಸ್ಟಿಕ್ಸ್ ಓದ್ತೀಯಲ್ಲ, ಹೇಳು. 2-0 ಮುಂದಿದ್ದ ತಂಡ ಹೇಗೆ ಸೋಲುತ್ತೆ?" ಎಂದು ಕೇಳಿದರು.

ವಿಷಯ ತಿಳಿದ ಅಬ್ಬಾ, "ಜೂಜು ಹರಾಮ್, ಅಷ್ಟೇ ಮಾತು" ಎಂದರು. ಅಬ್ಬಾಗೆ ಲೆಕ್ಕ ಬೇಕಿರಲಿಲ್ಲ. ಭಾಯಿಜಾನ್‌ಗೆ ಬೇಕಿತ್ತು. ಅವರಿಗೆ ಬರೆದು ಕಳುಹಿಸಿದ ಲೆಕ್ಕವನ್ನೇ, ಅವರ ಒಪ್ಪಿಗೆ ಪಡೆದು, ಇಲ್ಲಿ ಪಾಠದಂತೆ ಬರೆದಿದ್ದೇನೆ.

1. ಪ್ಲೇಆಫ್ ಎಂದರೇನು?

ಉತ್ತರ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ. ಅದರಲ್ಲಿ 30 ತಂಡಗಳು. ಐಸ್ ಹಾಕಿಯ ಲೀಗ್ ಎನ್‌ಎಚ್‌ಎಲ್. ಅದರಲ್ಲಿ 32 ತಂಡಗಳು. ಐಸ್ ಹಾಕಿ ನಮ್ಮ ಮೈದಾನದ ಹಾಕಿ ಅಲ್ಲ. ಮಂಜುಗಡ್ಡೆಯ ಅಂಗಳದಲ್ಲಿ ಸ್ಕೇಟ್ ಹಾಕಿಕೊಂಡು, ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಹೊಡೆಯುವ ಆಟ. ಆ ಋತುವಿನಲ್ಲಿ ಎರಡೂ ಲೀಗ್‌ಗಳ ಪ್ರತಿ ತಂಡ 82 ಪಂದ್ಯ ಆಡಿತ್ತು. ನಂತರ 16 ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ. ಅಲ್ಲಿ ನಾಲ್ಕು ಸುತ್ತು. ಪ್ರತಿ ಸುತ್ತಿನಲ್ಲೂ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ.

ಟೊರೊಂಟೊದಲ್ಲಿ ಎರಡೂ ಲೀಗ್‌ನ ತಂಡಗಳಿವೆ. ಹಾಕಿಗೆ ಮೇಪಲ್ ಲೀಫ್ಸ್, ಬಾಸ್ಕೆಟ್‌ಬಾಲ್‌ಗೆ ರ್‍ಯಾಪ್ಟರ್ಸ್. ಎರಡೂ ಒಂದೇ ಸ್ಕೋಶಿಯಾಬ್ಯಾಂಕ್ ಅರೆನಾದಲ್ಲಿ ಆಡುತ್ತವೆ. ಬಾಸ್ಕೆಟ್‌ಬಾಲ್ ದಿನ ಮಂಜುಗಡ್ಡೆಯ ಮೇಲೆ ಹಲಗೆ ಹಾಸುತ್ತಾರೆ, ಅಷ್ಟೇ.

2. ಭಾಯಿಜಾನ್ ಪ್ರಶ್ನೆಗೆ ಉತ್ತರ

ಎರಡೂ ತಂಡಗಳು ಸಮಬಲ ಎಂದುಕೊಳ್ಳೋಣ. ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದ ಹಾಗೆ, 50-50. ಟೊರೊಂಟೊ 2-0 ಮುಂದಿದೆ, ಹೆಚ್ಚೆಂದರೆ ಐದು ಪಂದ್ಯ ಬಾಕಿ. ಐದನ್ನೂ ಆಡಿಸಿದರು ಎಂದು ಭಾವಿಸಿದರೆ ಲೆಕ್ಕ ಸುಲಭ, ಸರಣಿ ಗೆದ್ದವರು ಬದಲಾಗುವುದಿಲ್ಲ. ಒಟ್ಟು ಫಲಿತಾಂಶಗಳು 2×2×2×2×2 = 32.

ಫ್ಲೋರಿಡಾ ಗೆಲ್ಲಬೇಕಾದರೆ ಈ ಐದರಲ್ಲಿ ಕನಿಷ್ಠ ನಾಲ್ಕು ಗೆಲ್ಲಬೇಕು. ಸರಿಯಾಗಿ ನಾಲ್ಕು ಗೆಲ್ಲುವ ದಾರಿಗಳು 5, ಐದನ್ನೂ ಗೆಲ್ಲುವ ದಾರಿ 1. ಒಟ್ಟು 6. ಸಂಭವನೀಯತೆ 6/32, ಅಂದರೆ ಶೇಕಡಾ 18.75.

ಲೂಡೋ ಆಡುವಾಗ ದಾಳದಲ್ಲಿ ಆರು ಬೀಳುವ ಸಂಭವ 1/6, ಅಂದರೆ ಶೇಕಡಾ 16.67. ಆರು ಬಿದ್ದರೆ ನಾವು ಯಾರಾದರೂ ಬೆಚ್ಚಿ ಬೀಳುತ್ತೇವೆಯೇ? ಫ್ಲೋರಿಡಾ ಮರಳಿ ಬರುವ ಸಂಭವ ಅದಕ್ಕಿಂತಲೂ ಹೆಚ್ಚಿತ್ತು. ಟೊರೊಂಟೊಗೆ ಶೇಕಡಾ 81 ಇತ್ತು ನಿಜ. ಆದರೆ ಶೇಕಡಾ 81 ಎಂದರೆ "ಪಕ್ಕಾ" ಅಲ್ಲ. ನಮ್ಮ ತಪ್ಪು ಶುರುವಾಗುವುದು ಇಲ್ಲಿಯೇ.

3. ಏಳು ಪಂದ್ಯ ಏಕೆ?

ಒಂದು ತಂಡ ಸ್ವಲ್ಪ ಬಲಶಾಲಿ, ಪ್ರತಿ ಪಂದ್ಯ ಗೆಲ್ಲುವ ಸಂಭವ ಶೇಕಡಾ 60 ಎನ್ನೋಣ. ಸರಣಿ ಗೆಲ್ಲುವ ಸಂಭವ ಎಷ್ಟು? ಕೊನೆಯ ಪಂದ್ಯವನ್ನು ಸರಣಿ ಗೆದ್ದವರೇ ಗೆದ್ದಿರುತ್ತಾರೆ. ಆದ್ದರಿಂದ 4-1ರಲ್ಲಿ ಆ ಒಂದು ಸೋಲು ಮೊದಲ ನಾಲ್ಕರಲ್ಲೇ ಎಲ್ಲೋ ಇರಬೇಕು: 4 ದಾರಿ. ಇದೇ ರೀತಿ 4-2ಕ್ಕೆ 10 ದಾರಿ, 4-3ಕ್ಕೆ 20 ದಾರಿ.

4-0: ಶೇಕಡಾ 13.0
4-1: ಶೇಕಡಾ 20.7
4-2: ಶೇಕಡಾ 20.7
4-3: ಶೇಕಡಾ 16.6
ಒಟ್ಟು: ಶೇಕಡಾ 71.0

ಒಂದೇ ಪಂದ್ಯದಲ್ಲಿ 60 ಇದ್ದದ್ದು ಏಳು ಪಂದ್ಯದಲ್ಲಿ 71 ಆಯಿತು. ಪ್ರತಿ ಪಂದ್ಯಕ್ಕೆ 55 ಇದ್ದರೆ ಸರಣಿಗೆ 60.8, 70 ಇದ್ದರೆ 87.4. ಪಂದ್ಯ ಹೆಚ್ಚಾದಷ್ಟೂ ಅದೃಷ್ಟದ ಪಾಲು ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಶೇಕಡಾ 60ರ ತಂಡ ಹತ್ತು ಸರಣಿಯಲ್ಲಿ ಸುಮಾರು ಮೂರನ್ನು ಸೋಲುತ್ತದೆ.

ಇದೇ ಕಾರಣಕ್ಕೆ ಹಾಕಿಗಿಂತ ಬಾಸ್ಕೆಟ್‌ಬಾಲ್‌ನಲ್ಲಿ ಬಲಶಾಲಿ ತಂಡ ಹೆಚ್ಚು ಬಾರಿ ಗೆಲ್ಲುತ್ತದೆ. ಬಾಸ್ಕೆಟ್‌ಬಾಲ್‌ನ ಒಂದು ಪಂದ್ಯದಲ್ಲಿ ಪ್ರತಿ ತಂಡಕ್ಕೆ ಚೆಂಡು ಸುಮಾರು ನೂರು ಸಲ ಕೈಗೆ ಬರುತ್ತದೆ, ಅಂಕಗಳೂ ನೂರರ ಆಸುಪಾಸು. ಹಾಕಿಯಲ್ಲಿ ಒಂದು ತಂಡಕ್ಕೆ ಸಿಗುವುದು ಮೂರು ಗೋಲಿನಷ್ಟು. ಪಕ್ ಯಾರದೋ ಕಾಲಿಗೆ ತಾಗಿ ಒಳಗೆ ಹೋದರೆ ಪಂದ್ಯವೇ ಬದಲಾಗಬಹುದು. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಏಳು ತಲೆ ಬೀಳಬಹುದು, ಸಾವಿರ ಸಲ ಚಿಮ್ಮಿದರೆ ಏಳುನೂರು ಬೀಳುವುದಿಲ್ಲ.

ಉದಾಹರಣೆ ನೋಡಿ. ಎನ್‌ಬಿಎಯಲ್ಲಿ 1984ರಲ್ಲಿ 16 ತಂಡಗಳ ಪ್ಲೇಆಫ್ ಬಂದ ಮೇಲೆ, 2025ರವರೆಗಿನ 84 ಸರಣಿಗಳಲ್ಲಿ ಎಂಟನೇ ಶ್ರೇಯಾಂಕದ ತಂಡ ಒಂದನೇ ಶ್ರೇಯಾಂಕದ ತಂಡವನ್ನು ಸೋಲಿಸಿದ್ದು ಆರೇ ಬಾರಿ: 1994, 1999, 2007, 2011, 2012, 2023. ಹಾಕಿಯಲ್ಲೋ, 2012ರಲ್ಲಿ ಎಂಟನೇ ಶ್ರೇಯಾಂಕದ ಲಾಸ್ ಏಂಜಲೀಸ್ ಕಿಂಗ್ಸ್ ಸ್ಟ್ಯಾನ್ಲಿ ಕಪ್ಪನ್ನೇ ಗೆದ್ದಿತು. 2019ರಲ್ಲಿ 62 ಪಂದ್ಯ ಗೆದ್ದಿದ್ದ ಟ್ಯಾಂಪಾ ಬೇ ಮೊದಲ ಸುತ್ತಿನಲ್ಲೇ 0-4ರಿಂದ ಸೋತಿತು. 2023ರಲ್ಲಿ 65 ಗೆಲುವು, 135 ಅಂಕಗಳ ದಾಖಲೆ ಮಾಡಿದ ಬಾಸ್ಟನ್ ಬ್ರೂಯಿನ್ಸ್, 92 ಅಂಕಗಳ ಫ್ಲೋರಿಡಾ ಎದುರು 3-1 ಮುಂದಿದ್ದೂ ಸೋತಿತು.

4. 0-3ರಿಂದ ಎದ್ದವರು

ಟೊರೊಂಟೊದವರು ಹೆಮ್ಮೆಯಿಂದ ಹೇಳುವ ನೆನಪು 1942ರದ್ದು. ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ಡೆಟ್ರಾಯ್ಟ್ ಎದುರು ಮೇಪಲ್ ಲೀಫ್ಸ್ 0-3 ಹಿಂದಿತ್ತು. ಕೋಚ್ ಹ್ಯಾಪ್ ಡೇ, ಗೋರ್ಡಿ ಡ್ರಿಲನ್ ಮತ್ತು ಬಕೊ ಮೆಕ್‌ಡೊನಾಲ್ಡ್ ಎಂಬ ಇಬ್ಬರು ಹೆಸರಾಂತ ಆಟಗಾರರನ್ನೇ ಹೊರಗೆ ಕೂರಿಸಿದರು. ನಾಲ್ಕನೇ ಪಂದ್ಯದ ಕೊನೆಗೆ ರೆಫರಿ ಮೇಲೆ ಕೈಮಾಡಿದ ಡೆಟ್ರಾಯ್ಟ್ ಕೋಚ್ ಜ್ಯಾಕ್ ಆಡಮ್ಸ್ ಅಮಾನತಾದರು. ಟೊರೊಂಟೊ 4-3, 9-3, 3-0, 3-1 ಎಂದು ನಾಲ್ಕನ್ನೂ ಗೆದ್ದಿತು.

ಸಮಬಲ ಎಂದುಕೊಂಡರೆ ಸತತ ನಾಲ್ಕು ಗೆಲ್ಲುವ ಸಂಭವ 1/16. ಎನ್‌ಎಚ್‌ಎಲ್ ಇತಿಹಾಸದಲ್ಲಿ 200ಕ್ಕೂ ಹೆಚ್ಚು ತಂಡಗಳು 0-3 ಹಿಂದೆ ಬಿದ್ದಿವೆ. ಲೆಕ್ಕದಂತೆ ಹನ್ನೆರಡಾದರೂ ಎದ್ದು ಬರಬೇಕಿತ್ತು. ಬಂದದ್ದು ನಾಲ್ಕೇ: 1942ರ ಟೊರೊಂಟೊ, 1975ರ ನ್ಯೂಯಾರ್ಕ್ ಐಲ್ಯಾಂಡರ್ಸ್, 2010ರ ಫಿಲಡೆಲ್ಫಿಯಾ, 2014ರ ಲಾಸ್ ಏಂಜಲೀಸ್. ಎನ್‌ಬಿಎಯಲ್ಲಿ 150ಕ್ಕೂ ಹೆಚ್ಚು ತಂಡಗಳಲ್ಲಿ ಒಂದೂ ಇಲ್ಲ. 2023ರ ಬಾಸ್ಟನ್ ಸೆಲ್ಟಿಕ್ಸ್ ಸೇರಿ ನಾಲ್ಕು ತಂಡಗಳು 3-3 ತನಕ ಬಂದು ಏಳನೆಯದನ್ನು ಸೋತವು.

ಲೆಕ್ಕ ಎಲ್ಲಿ ತಪ್ಪಿತು? "ಸಮಬಲ" ಎಂದುಕೊಂಡಲ್ಲಿ. 0-3 ಹಿಂದಿರುವುದೇ ಆ ತಂಡ ದುರ್ಬಲ ಎನ್ನುವುದಕ್ಕೆ ಸುಳಿವು. ಪ್ರತಿ ಪಂದ್ಯಕ್ಕೆ ಶೇಕಡಾ 40 ಎಂದು ಹಾಕಿದರೆ ನಾಲ್ಕೂ ಗೆಲ್ಲುವ ಸಂಭವ ಶೇಕಡಾ 2.56. ಇನ್ನೂರಕ್ಕೆ ಐದು, ಹಾಕಿಯ ನಿಜ ಸಂಖ್ಯೆಗೆ ಹತ್ತಿರ. ಶೇಕಡಾ 30 ಎಂದು ಹಾಕಿದರೆ ಸಂಭವ ಒಂದಕ್ಕಿಂತ ಕಡಿಮೆ. ನೂರೈವತ್ತಕ್ಕೆ ಸುಮಾರು ಒಂದು, ಬಾಸ್ಕೆಟ್‌ಬಾಲ್‌ಗೆ ಹತ್ತಿರ. ಇದು ಒರಟು ಅಂದಾಜು. ಹ್ಯಾಪ್ ಡೇ ಮಾಡಿದ ಹಾಗೆ ಕೋಚ್ ತಂಡವನ್ನೇ ಬದಲಿಸಿದರೆ ಸಂಭವವೂ ಬದಲಾಗುತ್ತದೆ. ನಾಣ್ಯಕ್ಕೆ ಕೋಚ್ ಇರುವುದಿಲ್ಲ.

5. ನೆನಪು ಮಾಡುವ ಮೋಸ

ನಮಗೆ 1942 ನೆನಪಿರುತ್ತದೆ, ಏಳದೆ ಹೋದ ಇನ್ನೂರು ತಂಡಗಳ ಹೆಸರು ನೆನಪಿರುವುದಿಲ್ಲ. 2019ರ ಮೇ 12ರಂದು ಫಿಲಡೆಲ್ಫಿಯಾ ಎದುರಿನ ಏಳನೇ ಪಂದ್ಯದಲ್ಲಿ ಕವಾಯ್ ಲೆನರ್ಡ್ ಕೊನೆಯ ಕ್ಷಣದಲ್ಲಿ ಎಸೆದ ಚೆಂಡು ರಿಂಗಿನ ಮೇಲೆ ನಾಲ್ಕು ಸಲ ಪುಟಿದು ಒಳಗೆ ಬಿತ್ತು. ರ್‍ಯಾಪ್ಟರ್ಸ್ 92-90ರಿಂದ ಗೆದ್ದಿತು, ಮುಂದೆ ಚಾಂಪಿಯನ್ ಆಯಿತು. ಒಂದು ಬೆರಳಿನಷ್ಟು ಆಚೆ ಪುಟಿದಿದ್ದರೆ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗುತ್ತಿತ್ತು. ಗೆದ್ದ ಮೇಲೆ ಎಲ್ಲರೂ "ಗೆಲ್ಲಲೇಬೇಕಿತ್ತು" ಎನ್ನುತ್ತಾರೆ.

ಇನ್ನೊಂದು ಮೋಸ, "ಈ ಸಲ ನಮ್ಮ ಸರದಿ" ಎನ್ನುವುದು. ಮೇಪಲ್ ಲೀಫ್ಸ್ 1967ರ ನಂತರ 2025ರವರೆಗೂ ಸ್ಟ್ಯಾನ್ಲಿ ಕಪ್ ಗೆದ್ದಿರಲಿಲ್ಲ. ಬಾಸ್ಟನ್ ಎದುರು 2013, 2018, 2019, 2024ರಲ್ಲಿ ಏಳನೇ ಪಂದ್ಯದಲ್ಲೇ ಸೋತಿತು. "ಎಷ್ಟು ಸಲ ಅಂತ ಸೋಲ್ತಾರೆ?" ಎಂದು ಭಾಯಿಜಾನ್ ಕೇಳಿದ್ದರು. ಹಿಂದಿನ ಸೋಲುಗಳು ಮುಂದಿನ ಗೆಲುವಿನ ಸಾಲವಲ್ಲ. ಸ್ವತಂತ್ರ ಘಟನೆಗಳ ನಡುವೆ ಉದ್ರಿ ಖಾತೆ ಇರುವುದಿಲ್ಲ.

ಆದರೂ ನೆನಪುಗಳು ಬೇಡ ಎನ್ನಲಾರೆ. 2013ರ ಆ ಏಳನೇ ಪಂದ್ಯದಲ್ಲಿ ಟೊರೊಂಟೊಗೆ 4-1 ಮುನ್ನಡೆ ತಂದುಕೊಟ್ಟವರು ನಜೀಮ್ ಕದ್ರಿ. ಆಗ ಹದಿನಾಲ್ಕು ನಿಮಿಷ ಚಿಲ್ಲರೆ ಬಾಕಿ ಇತ್ತು. ಬಾಸ್ಟನ್ ಮೂರು ಗೋಲು ಹೊಡೆದು ಸಮ ಮಾಡಿತು, ಹೆಚ್ಚುವರಿ ಸಮಯದಲ್ಲಿ 5-4ರಿಂದ ಗೆದ್ದಿತು. 2019ರಲ್ಲಿ ಟೊರೊಂಟೊ ಕದ್ರಿಯನ್ನು ಕೊಲರಾಡೊ ತಂಡಕ್ಕೆ ಬಿಟ್ಟುಕೊಟ್ಟಿತು. 2022ರಲ್ಲಿ ಕೊಲರಾಡೊ ಸ್ಟ್ಯಾನ್ಲಿ ಕಪ್ ಗೆದ್ದಾಗ, ಆ ಕಪ್ ಗೆದ್ದ ಮೊದಲ ಮುಸ್ಲಿಂ ಆಟಗಾರ ಅವರಾದರು. ತಮ್ಮ ಊರಾದ ಒಂಟಾರಿಯೊದ ಲಂಡನ್‌ಗೆ ಕಪ್ ತಂದು, ಅಲ್ಲಿನ ಮಸೀದಿಗೂ ಒಯ್ದರು. ಇಂಥದ್ದಕ್ಕಾಗಿ ಆಟ ನೋಡಬೇಕು. ಅದಕ್ಕೆ ಆ್ಯಪ್ ಬೇಕಾಗಿಲ್ಲ.

6. ಆಡ್ಸ್ ಒಳಗಿನ ಕಮಿಷನ್

ಈಗ ಕಾಮರ್ಸ್‌ನವರ ವಿಷಯ. ಸಮಬಲದ ಎರಡು ತಂಡಗಳಿಗೆ ಬೆಟ್ಟಿಂಗ್ ಆ್ಯಪ್ 1.90 – 1.90 ಎಂದು ಆಡ್ಸ್ ತೋರಿಸುತ್ತದೆ ಎನ್ನೋಣ. 100 ಡಾಲರ್ ಕಟ್ಟಿ ಗೆದ್ದರೆ 190 ವಾಪಸ್, ಸೋತರೆ ಸೊನ್ನೆ.

ಆಡ್ಸ್‌ನಿಂದ ಸಂಭವ ತಿಳಿಯಲು 1ನ್ನು ಅದರಿಂದ ಭಾಗಿಸಬೇಕು. 1/1.90 = ಶೇಕಡಾ 52.63. ಎರಡೂ ತಂಡ ಸೇರಿದರೆ ಶೇಕಡಾ 105.26. ಆದರೆ ಒಟ್ಟು ಸಂಭವನೀಯತೆ 100 ದಾಟುವಂತಿಲ್ಲ, ಮೊದಲ ಅಧ್ಯಾಯದಲ್ಲೇ ಓದಿದ್ದೇವೆ. ಹೆಚ್ಚುವರಿ 5.26 ಕಂಪನಿಯ ಮಾರ್ಜಿನ್. ಅಂಗಡಿಯವರು ಲಾಭ ಸೇರಿಸಿ ಬೆಲೆ ಹಾಕಿದ ಹಾಗೆ, ಆದರೆ ಇಲ್ಲಿ ಸಾಮಾನು ಮನೆಗೆ ಬರುವುದಿಲ್ಲ.

ನಿರೀಕ್ಷಿತ ಮೌಲ್ಯ: 190 × 0.5 = 95. ಕಟ್ಟಿದ್ದು 100. ಪ್ರತಿ ಸಲ ಸರಾಸರಿ 5 ಡಾಲರ್ ನಷ್ಟ, ಯಾವ ತಂಡದ ಮೇಲೆ ಕಟ್ಟಿದರೂ ಅಷ್ಟೇ. ನಷ್ಟವಾಗದಿರಲು ನೂರಕ್ಕೆ 53 ಸಲ ಸರಿಯಾಗಿ ಊಹಿಸಬೇಕು.

ಭಾಯಿಜಾನ್‌ಗೆ ಇಷ್ಟವಾದದ್ದು ಪಾರ್ಲೇ. ಬಿಸ್ಕತ್ತಲ್ಲ, ನಾಲ್ಕು ಪಂದ್ಯ ಸೇರಿಸಿ ಒಂದೇ ಬೆಟ್ ಕಟ್ಟುವುದು. ನಾಲ್ಕೂ ಸರಿಯಾದರೆ ಮಾತ್ರ ಹಣ. 1.90ನ್ನು ನಾಲ್ಕು ಸಲ ಗುಣಿಸಿದರೆ ಸುಮಾರು 13. ಒಂದಕ್ಕೆ ಹದಿಮೂರು! ಆದರೆ ನಾಲ್ಕೂ ಸರಿಯಾಗುವ ಸಂಭವ 1/16, ಆದ್ದರಿಂದ ನ್ಯಾಯವಾಗಿ ಹದಿನಾರು ಕೊಡಬೇಕು. 100ಕ್ಕೆ ಸರಾಸರಿ ವಾಪಸ್ 81 ಡಾಲರ್ ಚಿಲ್ಲರೆ. ದೊಡ್ಡ ಅಂಕಿ ತೋರಿಸಿ 18 ಡಾಲರ್‌ಗಿಂತ ಹೆಚ್ಚು ಹಿಡಿದುಕೊಳ್ಳುತ್ತಾರೆ.

ಟೊರೊಂಟೊ ಗೆಲ್ಲುತ್ತದೋ ಫ್ಲೋರಿಡಾ ಗೆಲ್ಲುತ್ತದೋ ಯಾರಿಗೂ ಗೊತ್ತಿರಲಿಲ್ಲ. ನೂರಾರು ಪಂದ್ಯ, ಸಾವಿರಾರು ಜನ ಸೇರಿದಾಗ ಉಳಿಯುವುದು ಕಂಪನಿಯ ಮಾರ್ಜಿನ್ ಒಂದೇ. ನಿಜವಾಗಿ "ಪಕ್ಕಾ" ಇದ್ದದ್ದು ಅದೇ.

ಈ ಲೆಕ್ಕ ಕಳುಹಿಸಿದ ಮೇಲೆ ಎರಡು ದಿನ ಭಾಯಿಜಾನ್ ಉತ್ತರಿಸಲಿಲ್ಲ. ಮೂರನೇ ದಿನ ಫೋನ್ ಮಾಡಿ, "ಆ್ಯಪ್ ತೆಗೆದೆ. ಖಾಲಾಗೆ ನೀನು ಹೇಳಬೇಡ, ನಾನೇ ಅಮ್ಮಿಗೆ ಹೇಳ್ತೀನಿ" ಎಂದರು. ಹೇಳಿದರು ಕೂಡ. ಆ 400 ಡಾಲರ್‌ಗೆ ಇನ್ನೊಂದು ವಾರ ರಾತ್ರಿ ಪಾಳಿ ಮಾಡಿದರು. ಪಂದ್ಯ ನೋಡುವುದನ್ನು ಬಿಟ್ಟಿಲ್ಲ.

ನೀವೇ ಮಾಡಿ ನೋಡಿ

1. ಸಮಬಲದ ತಂಡ ಸರಣಿಯಲ್ಲಿ 1-2 ಹಿಂದಿದೆ. ಗೆಲ್ಲುವ ಸಂಭವ ಎಷ್ಟು?
2. ಪ್ರತಿ ಪಂದ್ಯ ಶೇಕಡಾ 60 ಇರುವ ತಂಡಕ್ಕೆ ಐದು ಪಂದ್ಯಗಳ ಸರಣಿಯಲ್ಲಿ ಗೆಲುವಿನ ಸಂಭವ ಎಷ್ಟು?
3. ಆಡ್ಸ್ 1.50 ಮತ್ತು 2.60 ಇದ್ದರೆ ಶೇಕಡಾ 100ರ ಮೇಲೆ ಎಷ್ಟು ಹೆಚ್ಚುವರಿ ಇದೆ?

ಉತ್ತರ: 1) 5/16, ಅಂದರೆ ಶೇಕಡಾ 31.25. 2) ಶೇಕಡಾ 68.3. 3) ಶೇಕಡಾ 5.13.