ಹಾಡನ್ನು ಪುಸ್ತಕ ಮಾಡಿದ ಮೇಷ್ಟ್ರು



ಪಂಜೆ ಮಂಗೇಶರಾಯರು ಅಂದ ಕೂಡಲೇ ನಮಗೆ ನೆನಪಾಗೋದು ‘ಹಾವಿನ ಹಾಡು’, ಆಮೇಲೆ ನಮ್ಮ ಕೊಡಗಿನ ಮೇಲೆ ಬರೆದ ‘ಹುತ್ತರಿ ಹಾಡು’. ಅವರೇ ‘ಕೋಟಿ ಚೆನ್ನಯ’ ಎಂಬ ವೀರಕಥೆಯನ್ನೂ ಬರೆದಿದ್ದಾರೆ ಅಂತ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಪಂಜೆಯವರು ಹುಟ್ಟಿದ್ದು 1874ರಲ್ಲಿ, ಬಂಟ್ವಾಳದಲ್ಲಿ. ಮೇಷ್ಟ್ರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ದುಡಿದರು. ಮಡಿಕೇರಿಯ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರೂ ಆಗಿದ್ದರು. ‘ಕವಿಶಿಷ್ಯ’ ಅವರ ಕಾವ್ಯನಾಮ. 1934ರ ರಾಯಚೂರು ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1937ರಲ್ಲಿ ತೀರಿಕೊಂಡರು.

ಕೋಟಿ, ಚೆನ್ನಯ ಅವಳಿ ಅಣ್ಣತಮ್ಮಂದಿರು. ತಾಯಿ ದೇಯಿ ಬೈದೆತಿ ಮದ್ದು ಬಲ್ಲವಳು; ಪಡುಮಲೆಯ ಬಲ್ಲಾಳನನ್ನು ಬದುಕಿಸಿದವಳು. ಮಕ್ಕಳು ದೊಡ್ಡವರಾದ ಮೇಲೆ ಗದ್ದೆಯ ನೀರಿನ ವಿಷಯದಲ್ಲಿ ಜಗಳ ಹತ್ತಿತು. ಬಲ್ಲಾಳನಿಂದ ನ್ಯಾಯ ಸಿಗಲಿಲ್ಲ. ಊರು ಬಿಟ್ಟರು. ಕೊನೆಗೆ ಎಣ್ಮೂರಿನ ಪರವಾಗಿ ಕಾದಾಡಿ ಸತ್ತರು. ತುಳುನಾಡಿನ ಗರಡಿಗಳಲ್ಲಿ ಇಂದಿಗೂ ಅವರಿಗೆ ಪೂಜೆ ನಡೆಯುತ್ತದೆ.

ಈ ಕಥೆ ಇದ್ದದ್ದು ತುಳು ಪಾಡ್ದನದಲ್ಲಿ, ಅಂದರೆ ಬಾಯಿಂದ ಬಾಯಿಗೆ ಬಂದ ಹಾಡಿನಲ್ಲಿ. ತುಳು ಬಾರದವರಿಗೆ ಅದು ತಿಳಿಯೋದು ಹೇಗೆ? ಪಂಜೆಯವರು ಅದನ್ನು ಕನ್ನಡ ಗದ್ಯದಲ್ಲಿ ಬರೆದರು. ಗಟ್ಟದ ಮೇಲಿನ ಮಕ್ಕಳಿಗೂ ಕಥೆ ಸಿಕ್ಕಿತು.

ಹೊರದೇಶದಲ್ಲೂ ಇಂಥವರು ಇದ್ದರು. ಐರ್ಲೆಂಡಿನಲ್ಲಿ ಲೇಡಿ ಗ್ರೆಗರಿ ಎಂಬವರು ಕೂಹುಲಿನ್ ಎಂಬ ವೀರನ ಹಳೆಯ ಕಥೆಗಳನ್ನು ಕೂಡಿಸಿ, ತಮ್ಮ ಊರಿನ ಜನ ಮಾತಾಡುವ ಧಾಟಿಯ ಇಂಗ್ಲಿಷಿನಲ್ಲಿ ಬರೆದು 1902ರಲ್ಲಿ ಅಚ್ಚು ಹಾಕಿಸಿದರು. ನಮ್ಮ ಕೊಡಗಿನಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಕೆಲಸದಲ್ಲಿದ್ದುಕೊಂಡೇ ಕೊಡವ ಹಾಡುಗಳನ್ನು ಕೇಳಿ ಬರೆದುಕೊಂಡರು. ಅದೇ 1924ರ ‘ಪಟ್ಟೋಲೆ ಪಳಮೆ’. ಅವರು ಹಾಡನ್ನು ಹಾಡಾಗಿಯೇ ಉಳಿಸಿದರು; ಪಂಜೆಯವರು ಹಾಡನ್ನು ಕಥೆ ಮಾಡಿದರು. ಎರಡೂ ಬೇಕು.

ಯಾಕೆ ಬೇಕು ಅಂತೀರಾ? ನಮ್ಮ ಜಿಲ್ಲೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲೆಯಾಳ, ಯರವ ಮಾತು ಆಡುವ ಮನೆಗಳಿವೆ. ಒಂದೊಂದು ಮನೆಯಲ್ಲೂ ಪುಸ್ತಕಕ್ಕೆ ಬಾರದ ಕಥೆಗಳಿವೆ. ಹೇಳುವ ಅಜ್ಜಿ ಹೋದರೆ ಕಥೆಯೂ ಹೋಯಿತು. ಆಮೇಲೆ ಯಾವ ಲೈಬ್ರರಿಯಲ್ಲಿ ಹುಡುಕಿದರೂ ಸಿಗೋದಿಲ್ಲ.

ಅಭ್ಯಾಸ: ಮನೆಯ ಹಿರಿಯರಿಂದ ಒಂದು ಕಥೆ ಕೇಳಿ. ಅವರ ಮಾತಿನಲ್ಲೇ ಮೊದಲು ಬರೆದುಕೊಳ್ಳಿ, ಆಮೇಲೆ ಕನ್ನಡದಲ್ಲಿ ಬರೆಯಿರಿ. ಹೇಳಿದವರ ಹೆಸರು, ಊರು ಹಾಕಲು ಮರೆಯಬೇಡಿ. ಮುಂದಿನ ಸಂಚಿಕೆಯಲ್ಲಿ ಈ ಗೋಡೆ ತುಂಬಲಿ.