ಒಂದು ಮುದ್ದೆ, ಒಂದು ಕ್ರೇಟ್ ಟೊಮೊಟೊ ಮತ್ತು ನನ್ನ ಪಾರ್ಸೆಲ್‌ಗಳು

ಕನ್ನಡ ಸಂಘದವರು "ಸರಳ ಜೀವನದ ಬಗ್ಗೆ ಏನಾದ್ರೂ ಬರಿ" ಅಂದಾಗ ನನಗೆ ನಗು ಬಂತು. ಯಾಕಂದ್ರೆ ನಮ್ಮ ಹಾಸ್ಟೆಲ್ ಗೇಟ್‌ನಲ್ಲಿ ಅತಿ ಹೆಚ್ಚು ಪಾರ್ಸೆಲ್ ಬರೋದು ನನ್ನ ಹೆಸರಿಗೇ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ನಾನು. ಬರವಣಿಗೆಯಲ್ಲಿ ತಪ್ಪಿದ್ದರೆ ಕ್ಷಮಿಸಿ, ಲೆಕ್ಕದಲ್ಲಿ ತಪ್ಪಿದ್ದರೆ ಮಾತ್ರ ಬಿಡಬೇಡಿ, ಹಿಡಿದು ಕೇಳಿ.

ಈ ಲೇಖನಕ್ಕೆ ಕಾರಣ ಕಳೆದ ಬೇಸಿಗೆ. ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಅಜ್ಜಿ ಊರಲ್ಲಿ ಮಾವ ಮೂರನೇ ಬೋರ್‌ವೆಲ್ ಕೊರೆಸಿದರು. ರಾತ್ರಿಯೆಲ್ಲಾ ಲಾರಿ ಸದ್ದು. ಸಾವಿರದ ಇನ್ನೂರು ಅಡಿ ಹೋದರೂ ಬಂದದ್ದು ಬರೀ ಬೂದಿಯಂಥ ಧೂಳು. ಬೆಳಗ್ಗೆ ಅಜ್ಜಿಯ ಅಂಗಳ, ತುಳಸಿ ಕಟ್ಟೆ ಎಲ್ಲಾ ಬೆಳ್ಳಗಾಗಿತ್ತು. ಮಾವ ಯಾರ ಹತ್ತಿರವೂ ಮಾತಾಡಲಿಲ್ಲ. ಅದೇ ವಾರ ನಾನು ಕೊಂಡ ಬಟ್ಟೆ, ಇಯರ್‌ಫೋನ್, ಫೋನ್ ಕವರ್‌ಗಳ ಒಟ್ಟು ಬಿಲ್ 4,860 ರೂಪಾಯಿ. ಈ ಎರಡಕ್ಕೂ ಸಂಬಂಧ ಇದೆಯಾ ಅಂತ ಆಗ ಯೋಚಿಸಿರಲಿಲ್ಲ. ಈಗ ಯೋಚಿಸಿದ್ದೀನಿ.

1. ಮೊದಲು ನಮ್ಮ ಜಿಲ್ಲೆಯ ನೀರು

ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಯಿತು. ನಂದಿ ಬೆಟ್ಟದ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಹುಟ್ಟುತ್ತವೆ. ಇಷ್ಟು ನದಿ ಹುಟ್ಟಿದರೂ ವರ್ಷಪೂರ್ತಿ ಹರಿಯುವ ನದಿ ಒಂದೂ ನಮ್ಮಲ್ಲಿಲ್ಲ. ಹಳಬರು ಕೆರೆ ಕಟ್ಟಿ ಬದುಕಿದರು. ಕೆರೆ ಒಣಗಿದ ಮೇಲೆ ಬಾವಿ, ಬಾವಿ ಒಣಗಿದ ಮೇಲೆ ಬೋರ್‌ವೆಲ್. ಈಗ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ಇನ್ನೊಂದು ತೊಂದರೆ ಏನಂದ್ರೆ, ನಮ್ಮ ಅಂತರ್ಜಲದಲ್ಲಿ ಹಲವು ಕಡೆ ಫ್ಲೋರೈಡ್ ಹೆಚ್ಚು. ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕದ ಮುಂದೆ ಜನ ಕ್ಯಾನ್ ಹಿಡಿದು ನಿಲ್ಲೋದು ಇದೇ ಕಾರಣಕ್ಕೆ.

ಮಳೆ ವರ್ಷಕ್ಕೆ ಸುಮಾರು 750 ಮಿ.ಮೀ. ಒಂದು ಎಕರೆ ಅಂದ್ರೆ 4,047 ಚದರ ಮೀಟರ್. ಅದರ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4 ಸಾವಿರ ಲೀಟರ್. ಹಾಗಾದ್ರೆ ಒಂದು ಎಕರೆಗೆ ವರ್ಷಕ್ಕೆ ಆಕಾಶ ಕೊಡೋದು ಸುಮಾರು 30 ಲಕ್ಷ ಲೀಟರ್. ಇದೇ ನಮ್ಮ ಸಂಬಳ. ಇದರೊಳಗೆ ಸಂಸಾರ ಮಾಡಬೇಕು. ಮೀರಿದರೆ ಸಾಲ.

2. ಎರಡು ಬೆಳೆ, ಒಂದೇ ಲೆಕ್ಕ

ಈಗ ಪೆನ್ನು ತಗೊಳ್ಳಿ. ರಾಗಿಗೆ ಒಂದು ಬೆಳೆಗೆ ಸುಮಾರು 400 ಮಿ.ಮೀ. ನೀರು ಸಾಕು. ಅಂದ್ರೆ ಎಕರೆಗೆ 16 ಲಕ್ಷ ಲೀಟರ್. ಮುಂಗಾರಿನಲ್ಲಿ ಬಿತ್ತಿ ನವೆಂಬರ್–ಡಿಸೆಂಬರ್‌ನಲ್ಲಿ ಕೊಯ್ಯೋದರಿಂದ ಮಳೆ ಸರಿಯಾಗಿ ಆದರೆ ಇದೆಲ್ಲಾ ಮೇಲಿನಿಂದಲೇ ಬರುತ್ತೆ.

ಟೊಮೊಟೊಗೂ ಕಡಿಮೆ ಅಂದ್ರೆ 400 ಮಿ.ಮೀ. ಬೇಕು. ಅದೇ 16 ಲಕ್ಷ ಲೀಟರ್. ಆದರೆ ಬೇಸಿಗೆ ಟೊಮೊಟೊಗೆ ಮಳೆ ಇಲ್ಲ. ಡ್ರಿಪ್ ಹಾಕಿದರೂ ನೀರು ಬರೋದು ಬೋರ್‌ನಿಂದ. ನೀರು 300 ಮೀಟರ್ ಆಳದಲ್ಲಿದೆ ಅಂತ ಇಟ್ಟುಕೊಳ್ಳೋಣ, ಅಂದ್ರೆ ಸುಮಾರು ಸಾವಿರ ಅಡಿ. ಪಿಯುಸಿಯಲ್ಲಿ ಓದಿದ ಎಂಜಿಎಚ್ ನೆನಪಿದೆಯಲ್ಲ?

ಸಾವಿರ ಲೀಟರ್ ನೀರು ಎತ್ತಲು: 1000 × 9.81 × 300 = ಸುಮಾರು 29.4 ಲಕ್ಷ ಜೌಲ್.
ಒಂದು ಯೂನಿಟ್ ಕರೆಂಟ್ ಅಂದ್ರೆ 36 ಲಕ್ಷ ಜೌಲ್. ಹಾಗಾಗಿ 0.82 ಯೂನಿಟ್.
ಪಂಪ್, ಮೋಟಾರ್, ಪೈಪ್ ಎಲ್ಲಾ ಸೇರಿ ದಕ್ಷತೆ 40 ಶೇಕಡಾ ಅಂದುಕೊಂಡರೆ ಸುಮಾರು 2 ಯೂನಿಟ್.
16 ಲಕ್ಷ ಲೀಟರ್‌ಗೆ: 1600 × 2 = 3,200 ಯೂನಿಟ್.

ತಿಂಗಳಿಗೆ 100 ಯೂನಿಟ್ ಬಳಸುವ ಒಂದು ಮನೆಗೆ ಇದು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಸಾಕು. ಒಂದು ಎಕರೆ, ಒಂದು ಬೆಳೆ! ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಹಾಗಾಗಿ ಈ ಬಿಲ್ ರೈತರಿಗೂ ಕಾಣಲ್ಲ, ಸಾಂಬಾರ್ ತಿನ್ನೋ ನಮಗೂ ಕಾಣಲ್ಲ. ಕಾಣೋದು ಅಂಗಳದ ಧೂಳು ಮಾತ್ರ.

ಇದರಿಂದ ನಾನು ಕಲಿತ ಮೊದಲ ಪಾಠ: "ಸ್ಥಳೀಯ" ಅಂದ ತಕ್ಷಣ ಒಳ್ಳೇದು ಅಂತಲ್ಲ. ನಮ್ಮ ಕ್ಯಾಂಪಸ್‌ನಿಂದ ಐದು ಕಿಲೋಮೀಟರ್‌ನಲ್ಲಿ ಬೆಳೆದ ಬೇಸಿಗೆ ಟೊಮೊಟೊ ಮತ್ತು ಅಷ್ಟೇ ದೂರದ ಮಳೆಯಾಶ್ರಿತ ರಾಗಿ ಎರಡೂ ಸ್ಥಳೀಯವೇ. ಒಂದು ಸಂಬಳದಲ್ಲಿ ಬೆಳೆದದ್ದು, ಇನ್ನೊಂದು ಸಾಲದಲ್ಲಿ ಬೆಳೆದದ್ದು. 2018ರಲ್ಲಿ ಪೂರ್ ಮತ್ತು ನೆಮೆಚೆಕ್ ಅನ್ನೋ ಇಬ್ಬರು ಸಂಶೋಧಕರು ಪ್ರಪಂಚದ ಆಹಾರ ವ್ಯವಸ್ಥೆಯ ದೊಡ್ಡ ಅಧ್ಯಯನ ಪ್ರಕಟಿಸಿದರು. ಅದರ ಪ್ರಕಾರ ಆಹಾರದಿಂದಾಗುವ ಹಸಿರುಮನೆ ಅನಿಲಗಳಲ್ಲಿ ಸಾಗಣೆಯ ಪಾಲು ಸುಮಾರು 6 ಶೇಕಡಾ ಅಷ್ಟೇ. ಲಾರಿಗಿಂತ ಹೊಲದಲ್ಲಿ ಏನಾಯಿತು ಅನ್ನೋದೇ ದೊಡ್ಡದು. ಹಾಗಾಗಿ "ಎಷ್ಟು ದೂರದಿಂದ ಬಂತು" ಅನ್ನೋ ಪ್ರಶ್ನೆ ಜೊತೆಗೆ "ಯಾವ ನೀರಿನಲ್ಲಿ ಬೆಳೀತು, ಯಾವ ಕಾಲದಲ್ಲಿ ಬೆಳೀತು" ಅಂತಲೂ ಕೇಳಬೇಕು.

3. ಅಕ್ಕಡಿ ಸಾಲು ಅನ್ನೋ ಡಿಸೈನ್

ನಮ್ಮ ಕಡೆ ರಾಗಿ ಒಂದನ್ನೇ ಬಿತ್ತುತ್ತಿರಲಿಲ್ಲ. ಎಂಟು–ಹತ್ತು ಸಾಲು ರಾಗಿ, ನಡುವೆ ಒಂದೆರಡು ಸಾಲು ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ಇದಕ್ಕೆ ಅಕ್ಕಡಿ ಸಾಲು ಅಂತಾರೆ. ಅವರೆ, ತೊಗರಿಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಕೊಡುತ್ತವೆ. ಹುಚ್ಚೆಳ್ಳು ಹೂವಿಗೆ ಜೇನು ಬರುತ್ತೆ. ರಾಗಿ ಹುಲ್ಲು ದನಕ್ಕೆ. ಮಳೆ ಕೈಕೊಟ್ಟು ರಾಗಿ ಹೋದರೂ ಬೇರು ಆಳಕ್ಕೆ ಬಿಡುವ ತೊಗರಿ ಉಳಿಯುತ್ತೆ. ನಮ್ಮ ಸಿಲೆಬಸ್‌ನಲ್ಲಿ ಇದಕ್ಕೆ ರಿಡಂಡೆನ್ಸಿ ಅಂತಾರೆ: ಒಂದು ಭಾಗ ಕೆಟ್ಟರೂ ಇಡೀ ವ್ಯವಸ್ಥೆ ನಿಲ್ಲಬಾರದು.

ಊಟವೂ ಆ ಹೊಲದಂತೆಯೇ ಇತ್ತು. ರಾಗಿಯಿಂದ ಮುದ್ದೆ, ಕಾಳಿನಿಂದ ಸಾರು, ಬದುವಿನ ಮೇಲೆ ಬೆಳೆದ ಸೊಪ್ಪಿನಿಂದ ಮಸ್ಸೊಪ್ಪು. ಬೇಯಿಸಿದ ನೀರು ಬಸ್ಸಾರಿಗೆ, ಬಸಿದ ಸೊಪ್ಪು ಪಲ್ಯಕ್ಕೆ. ಏನೂ ಚೆಲ್ಲಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಘೋಷಿಸಿದಾಗ ಬೆಂಗಳೂರಿನ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತು ಬಂತು. ಅಜ್ಜಿಗೆ ಒಂದು ಪ್ಯಾಕೆಟ್ ತಗೊಂಡು ಹೋಗಿದ್ದೆ. ತಿಂದು, "ಸಕ್ಕರೆ ಚೆನ್ನಾಗಿದೆ ಕಣಮ್ಮ, ರಾಗಿ ಎಲ್ಲಿದೆ?" ಅಂದರು.

4. ಒಂದು ಎಚ್ಚರಿಕೆ

ಇಲ್ಲಿವರೆಗೂ ಓದಿ "ಹಳೇ ಕಾಲವೇ ಚೆನ್ನಾಗಿತ್ತು" ಅಂದುಕೊಂಡರೆ ನಿಲ್ಲಿ. ನಾನೂ ಅಜ್ಜಿ ಹತ್ತಿರ ಹೀಗೇ ಹೇಳಿದ್ದೆ. ಅವರು ಬೈದರು. "ಅನ್ನ ನೋಡ್ತಿದ್ದದ್ದು ಹಬ್ಬಕ್ಕೆ ಮಾತ್ರ. ಎರಡು ಸೀರೆ, ಒಂದು ಉಟ್ಟರೆ ಒಂದು ಒಗೆಯೋಕೆ. ಅದನ್ನ ಸರಳ ಅಂತ ಯಾರೂ ಕರೀಲಿಲ್ಲ ಮಗ, ಬಡತನ ಅಂತಿದ್ರು." ನಾನು ಬಾಯಿ ಮುಚ್ಚಿಕೊಂಡೆ. ಬೇಕಾದಷ್ಟು ಇದ್ದೂ ಕಡಿಮೆ ಸಾಕು ಅನ್ನೋದು ಸರಳತೆ. ಇಲ್ಲದೆ ಇರೋದು ಸರಳತೆ ಅಲ್ಲ. ಇದನ್ನು ನಾವು ರೈತರಿಗೆ ಉಪದೇಶ ಮಾಡೋ ಹಾಗಿಲ್ಲ, ನಮಗೆ ನಾವೇ ಹೇಳಿಕೊಳ್ಳಬೇಕು.

ಮಾವನನ್ನೂ "ಟೊಮೊಟೊ ಬಿಟ್ಟು ರಾಗಿ ಹಾಕಿ" ಅಂತ ಕೇಳಿದೆ. ಅವರ ಉತ್ತರ: "ರಾಗಿ ಹೊಟ್ಟೆ ತುಂಬಿಸುತ್ತೆ, ನಿನ್ನ ತಮ್ಮನ ಫೀಸ್ ಕಟ್ಟಲ್ಲ." 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಕ್ರೇಟ್ 2 ಸಾವಿರ ರೂಪಾಯಿ ದಾಟಿತ್ತು. ಆ ಒಂದು ತಿಂಗಳ ಆಸೆ ಚಿಂತಾಮಣಿ, ಶಿಡ್ಲಘಟ್ಟದ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಬೆಲೆ ಬಿದ್ದಾಗ ಅದೇ ಹಣ್ಣನ್ನು ರಸ್ತೆ ಬದಿ ಸುರಿಯೋದನ್ನೂ ನಾವು ನೋಡಿದ್ದೀವಿ. ಕೇಂದ್ರ ಸರ್ಕಾರ 2025–26ಕ್ಕೆ ರಾಗಿಗೆ ಕ್ವಿಂಟಾಲ್‌ಗೆ 4,886 ರೂಪಾಯಿ ಬೆಂಬಲ ಬೆಲೆ ಘೋಷಿಸಿದೆ. ಆ ಬೆಲೆಗೆ ಕೊಳ್ಳುವವರು ಇದ್ದರೆ ಮಾವನ ಲೆಕ್ಕವೂ ಬದಲಾಗಬಹುದು. ಕೊಳ್ಳುವವರು ಅಂದ್ರೆ ಸರ್ಕಾರ ಮಾತ್ರ ಅಲ್ಲ. ನೂರಾರು ಜನ ತಿನ್ನೋ ನಮ್ಮ ಮೆಸ್ ಕೂಡ.

5. ಕಡಿಮೆ ಕೊಳ್ಳೋದು ಅಂದ್ರೆ ಏನು?

ಶಿಡ್ಲಘಟ್ಟ ಅಂದ್ರೆ ರೇಷ್ಮೆ. ಅಲ್ಲಿನ ಗೂಡಿನ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಹುಳು ಸುಮಾರು 25 ದಿನ ಹಿಪ್ಪುನೇರಳೆ ಸೊಪ್ಪು ತಿಂದು, ನಾಲ್ಕು ಸಲ ಜ್ವರಕ್ಕೆ ಕೂತು (ಪೊರೆ ಬಿಡೋದಕ್ಕೆ ನಮ್ಮ ಕಡೆ ಹೀಗಂತಾರೆ), ಕೊನೆಗೆ ಚಂದ್ರಿಕೆ ಮೇಲೆ ಗೂಡು ಕಟ್ಟುತ್ತೆ. ಒಂದು ಕೆ.ಜಿ. ಕಚ್ಚಾ ರೇಷ್ಮೆಗೆ ಸುಮಾರು 7 ಕೆ.ಜಿ. ಗೂಡು ಬೇಕು. ಅರ್ಧ ಕೆ.ಜಿ. ತೂಕದ ಸೀರೆ ಅಂದ್ರೆ ಸುಮಾರು 2 ಸಾವಿರ ಹುಳುಗಳ ಕೆಲಸ. ಸೊಪ್ಪು ಕೊಯ್ದವರು, ರಾತ್ರಿ ಎದ್ದು ಹುಳುವಿಗೆ ಸೊಪ್ಪು ಹಾಕಿದವರು, ಬಿಸಿ ನೀರಲ್ಲಿ ಕೈಯಿಟ್ಟು ನೂಲು ತೆಗೆದವರು ಬೇರೆ.

"ಎಲ್ಲರೂ ಕಡಿಮೆ ಕೊಂಡರೆ ಇವರ ಗತಿ ಏನು?" ಅಂತ ನನ್ನ ರೂಮ್‌ಮೇಟ್ ಕೇಳಿದಳು. ಒಳ್ಳೇ ಪ್ರಶ್ನೆ. ಅಜ್ಜಿಯ ಮದುವೆ ರೇಷ್ಮೆ ಸೀರೆಯನ್ನು ಅಮ್ಮ ಉಟ್ಟರು, ಕಳೆದ ಎಥ್ನಿಕ್ ಡೇಗೆ ನಾನೂ ಉಟ್ಟೆ. ನಾನು ಎರಡು ವರ್ಷದಲ್ಲಿ ಕೊಂಡ ಅಗ್ಗದ ಟಾಪ್‌ಗಳಲ್ಲಿ ಅರ್ಧ ಈಗಲೇ ನೆಲ ಒರೆಸೋ ಬಟ್ಟೆಯಾಗಿವೆ. ಬೆಲೆಯನ್ನು ಎಷ್ಟು ಸಲ ಬಳಸಿದೆವೋ ಅದರಿಂದ ಭಾಗಿಸಿ ನೋಡಿ. 400 ರೂಪಾಯಿಯ ಟಾಪ್ ನಾಲ್ಕು ಸಲ ಹಾಕಿದರೆ ಸಲಕ್ಕೆ 100. 1,200ರ ಖಾದಿ ಕುರ್ತಾ ಅರವತ್ತು ಸಲ ಹಾಕಿದರೆ ಸಲಕ್ಕೆ 20. ಕಡಿಮೆ ಕೊಳ್ಳೋದು ಅಂದ್ರೆ ಕೊಳ್ಳದೇ ಇರೋದಲ್ಲ. ಬಾಳಿಕೆ ಬರೋದನ್ನು, ದುಡಿದವರಿಗೆ ದುಡ್ಡು ಸೇರೋ ಹಾಗೆ ಕೊಳ್ಳೋದು.

6. ನಮ್ಮ ಜಿಲ್ಲೆಯವರೇ ಒಬ್ಬರು

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯ. ಬಡ ಕುಟುಂಬ. ಓದಲು ಬೆಂಗಳೂರಿಗೆ ನಡೆದುಕೊಂಡೇ ಬಂದವರು. ಮುಂದೆ ಭೌತಶಾಸ್ತ್ರದ ಮೇಷ್ಟ್ರಾದರು, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಪದ್ಮಭೂಷಣ ಪಡೆದರು. ಆದರೂ 2005ರಲ್ಲಿ ತೀರಿಕೊಳ್ಳುವವರೆಗೂ ಅವರ ಮನೆ ಬಸವನಗುಡಿ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮೇ. ಬಟ್ಟೆ ಖಾದಿ ಪಂಚೆ, ಜುಬ್ಬ, ಟೋಪಿ. ಗೌರಿಬಿದನೂರು, ಬಾಗೇಪಲ್ಲಿಯಲ್ಲಿ ಕಾಲೇಜು ಬರಲು ಅವರು ದುಡಿದರು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಅಂತ ಜೀವನವಿಡೀ ಹೇಳಿದರು. ನಾವೂ ಹಾಸ್ಟೆಲ್ ರೂಮಲ್ಲೇ ಇದ್ದೀವಿ. "ಇದು ನನಗೆ ಬೇಕಾ?" ಅನ್ನೋ ಒಂದು ಪ್ರಶ್ನೆಯನ್ನಾದರೂ ಪೇ ಬಟನ್ ಒತ್ತೋ ಮುಂಚೆ ಕೇಳಬಹುದಲ್ವಾ?

7. ಈ ತಿಂಗಳ ಪ್ರಯೋಗ

ನಾವು ನಾಲ್ಕು ಜನ ಶುರು ಮಾಡಿದ್ದೀವಿ. ನೀವೂ ಸೇರಿ.

ಅ) ಒಂದು ತಿಂಗಳು ಕೊಂಡದ್ದನ್ನೆಲ್ಲಾ ಪುಸ್ತಕದಲ್ಲಿ ಬರೆಯಿರಿ. ಏನು, ಎಷ್ಟು, ಎಷ್ಟು ಸಲ ಬಳಸಿದಿರಿ. ಆ್ಯಪ್ ಬೇಡ, ಕೈಯಲ್ಲೇ ಬರೆಯಿರಿ.

ಆ) ಆಹಾರ ಬಿಟ್ಟು ಬೇರೆ ಏನೇ ಇರಲಿ, ಬೇಕು ಅನಿಸಿದ ಏಳು ದಿನದ ನಂತರ ಕೊಳ್ಳಿ. ನನ್ನ ಪಟ್ಟಿಯಲ್ಲಿ ಒಂಬತ್ತು ವಸ್ತು ಇತ್ತು. ಏಳು ದಿನ ಕಳೆದ ಮೇಲೆ ಉಳಿದದ್ದು ಎರಡು.

ಇ) ಕಾಲಕ್ಕೆ ತಕ್ಕ ಹಣ್ಣು–ಕಾಯಿ ಸಂತೆಯಲ್ಲಿ ಕೊಳ್ಳಿ. ಡಿಸೆಂಬರ್–ಜನವರಿಗೆ ಸೊಗಡಿನ ಅವರೆಕಾಯಿ, ಮೇ–ಜೂನ್‌ಗೆ ಚಿಂತಾಮಣಿ ಕಡೆಯ ಮಾವು, ಮಳೆಗಾಲದ ಶುರುವಿಗೆ ನೇರಳೆ, ಕಾರ್ತಿಕದ ಹೊತ್ತಿಗೆ ಕಡ್ಲೆಕಾಯಿ.

ಈ) ಮೆಸ್‌ನಲ್ಲಿ ವಾರಕ್ಕೆ ಒಂದು ದಿನ ಮುದ್ದೆ ಕೇಳೋಣ. ಒಮ್ಮೆ ಮಾಡಿದ್ದರು. ಅರ್ಧ ಮುದ್ದೆ ತಟ್ಟೆಯಲ್ಲೇ ಉಳೀತು, ನನ್ನದೂ ಸೇರಿ. ನುಂಗೋಕೆ ಬಾರದೆ ಅಗಿದು ಅಗಿದು ಬಿಟ್ಟಿದ್ದೆ. ಅಡುಗೆ ಅಣ್ಣ "ಇನ್ನೂರು ಜನಕ್ಕೆ ಮುದ್ದೆ ತಿರುವಿದ ನನ್ನ ಭುಜ ಕೇಳಿ" ಅಂದರು. ಈ ಸಲ ತಿರುವೋಕೆ ಸರದಿ ಮೇಲೆ ನಾವೂ ಹೋಗೋಣ ಅಂತ ಮಾತಾಗಿದೆ. ಮೆಕ್ಯಾನಿಕಲ್‌ನವರು ಮುದ್ದೆ ಯಂತ್ರ ಮಾಡ್ತೀವಿ ಅಂತ ಎರಡು ಸೆಮಿಸ್ಟರ್‌ನಿಂದ ಹೇಳ್ತಾನೇ ಇದ್ದಾರೆ, ಕಾಯ್ತಿದ್ದೀವಿ!

ನಾವು ನಾಲ್ಕು ಜನ ಮುದ್ದೆ ತಿಂದರೆ ಮಾವನ ಬೋರ್‌ನಲ್ಲಿ ನೀರು ಬರಲ್ಲ. ಅದು ನನಗೆ ಗೊತ್ತು. ಅವರ ಸಾಲ ಇನ್ನೂ ತೀರಿಲ್ಲ. ಆದರೆ ಈ ವರ್ಷ ಅವರು ಅರ್ಧ ಎಕರೆಗೆ ರಾಗಿ, ಅವರೆ ಅಕ್ಕಡಿ ಹಾಕಿದ್ದಾರೆ. ಕೊಯ್ಲಾದ ಮೇಲೆ ಮನೆಗೆ ಮಿಕ್ಕಿ ಉಳಿದ ರಾಗಿ ಎಷ್ಟಿದ್ದರೂ ಬೆಂಬಲ ಬೆಲೆಗೆ ನಮ್ಮ ಮೆಸ್ ಕಮಿಟಿ ಕೊಳ್ಳಲಿ ಅಂತ ಅರ್ಜಿ ಬರೆದಿದ್ದೀನಿ. ಕನ್ನಡದಲ್ಲೇ ಬರೆದಿದ್ದೀನಿ. ಸಹಿ ಹಾಕೋರು ಸಂಘದ ರೂಮಿಗೆ ಬನ್ನಿ.