ರಾಯಚೂರಿನವನಿಗೂ ಬಿಸಿಲು ತಡೆಯಲಿಲ್ಲವೆ?

ಪ್ರಶ್ನೆ: ನನಗೆ 56 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಊರು ರಾಯಚೂರು, ಬಹಳ ವರ್ಷಗಳಿಂದ ಇರುವುದು ಅಮೆರಿಕದ ಮಿಷಿಗನ್‌ನಲ್ಲಿ. ಕಳೆದ ಸೆಪ್ಟೆಂಬರ್‌ನಲ್ಲಿ ಮಗನ ಕಾಲೇಜಿನ ಫುಟ್‌ಬಾಲ್ ಪಂದ್ಯ ನೋಡಲು ಟೆಕ್ಸಸ್‌ಗೆ ಹೋಗಿದ್ದೆವು. ಎರಡನೇ ಕ್ವಾರ್ಟರ್‌ನಲ್ಲೇ ತಲೆ ಸುತ್ತಿತು. ಮಗ ಆಟ ನೋಡುವುದನ್ನು ಬಿಟ್ಟು ನನ್ನನ್ನು ಹೊರಗೆ ಕರೆತಂದ. ಎದುರಾಳಿ ಕಡೆಯವರೇ ಐಸ್ ಕೊಟ್ಟರು. ಮಗನ ಗೆಳೆಯರ ಮುಂದೆ ಮಾನ ಹೋದಂತಾಯಿತು. ಈ ಸಲವೂ ಕರೆಯುತ್ತಿದ್ದಾನೆ. ಹೋಗಲು ಭಯ, ಬರುವುದಿಲ್ಲ ಎನ್ನಲು ಮನಸ್ಸಿಲ್ಲ.

ಉತ್ತರ: ಮಗನ ಖುಷಿಗೆಂದು ಹೋಗಿ, ಅವನ ಆಟವನ್ನೇ ಕೆಡಿಸಿದೆನಲ್ಲ ಎಂಬ ಕೊರಗು ನಿಮ್ಮದು. ಅದು ಸಹಜ. ಪರಸ್ಥಳದಲ್ಲಿ, ಎದುರಾಳಿ ಬಣ್ಣದ ಅಂಗಿ ತೊಟ್ಟ ಸಾವಿರಾರು ಜನರ ನಡುವೆ ಹಾಗಾದರೆ ಯಾರಿಗಾದರೂ ಮುಜುಗರವೇ.

ಆದರೆ ‘ರಾಯಚೂರಿನವನಾಗಿ ಹೀಗಾಯಿತಲ್ಲ’ ಎಂದು ನಿಮ್ಮನ್ನು ನೀವೇ ಹಳಿದುಕೊಳ್ಳುವುದು ಸರಿಯಲ್ಲ. ಬಿಸಿಲಿನ ರೂಢಿ ಹುಟ್ಟೂರಿನಿಂದ ಶಾಶ್ವತವಾಗಿ ಬರುವುದಿಲ್ಲ. ದೇಹ ಸೆಖೆಗೆ ಒಗ್ಗಲು ಒಂದೆರಡು ವಾರ ಬೇಕು. ತಂಪು ಜಾಗದಲ್ಲಿದ್ದರೆ ಕೆಲವೇ ವಾರಗಳಲ್ಲಿ ಆ ಒಗ್ಗುವಿಕೆ ಕರಗಿಹೋಗುತ್ತದೆ. ಹಿಂದಿನ ದಿನ ವಿಮಾನದಲ್ಲಿ ಬಂದಿಳಿದವರಿಗೆ ಅಷ್ಟು ಸಮಯ ಎಲ್ಲಿ? ಸೆಪ್ಟೆಂಬರ್ ಆರಂಭದಲ್ಲಿ ಆಸ್ಟಿನ್‌ನಂಥ ಊರಿನಲ್ಲಿ 35 ಡಿಗ್ರಿ ಸೆಲ್ಸಿಯಸ್ ಮಾಮೂಲು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರದು, ಮೈ ತಣಿಯದು. ಪಂದ್ಯಕ್ಕೆ ಮೊದಲು ಪಾರ್ಕಿಂಗ್‌ನಲ್ಲಿ ಗಂಟೆಗಟ್ಟಲೆ ನಡೆಯುವ ಟೈಲ್‌ಗೇಟ್ ಊಟ, ಬಿಯರು, ಆಮೇಲೆ ಮೂರೂವರೆ ಗಂಟೆ ಆಟ, ಕಾದ ಅಲ್ಯುಮಿನಿಯಂ ಬೆಂಚು. ಹೊರಗಿನವರಿಗೆ ಸಿಗುವುದು ಆತಿಥೇಯರು ಕೊಟ್ಟ ಮೂಲೆ. ನೆರಳು ಆರಿಸುವ ಅವಕಾಶವೂ ಕಡಿಮೆ.

ಇನ್ನೊಂದು ಸಂಗತಿ ಹೇಳಲೇಬೇಕು. ಅಂದು ನೀವು ಮಾನಕ್ಕೆ ಅಂಜಿ ಅಲ್ಲೇ ಕೂತಿದ್ದರೆ ಅಪಾಯವಿತ್ತು. ಎದ್ದು ಬಂದದ್ದೇ ವಿವೇಕ. ಐಸ್ ಕೊಟ್ಟವರು ನಿಮ್ಮ ಅಂಗಿಯ ಬಣ್ಣ ನೋಡಲಿಲ್ಲ, ಗಮನಿಸಿದಿರಾ?

ಈಗ ಮಾಡಬೇಕಾದದ್ದು: ಮೊದಲು ನಿಮ್ಮ ವೈದ್ಯರನ್ನು ಕೇಳಿ. ಮೂತ್ರ ಹೆಚ್ಚಿಸುವ ಬಗೆಯದೂ ಸೇರಿ ಕೆಲವು ಬಿಪಿ ಮಾತ್ರೆಗಳು ಸೆಖೆಯಲ್ಲಿ ತೊಂದರೆ ಕೊಡಬಲ್ಲವು. ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ರಾತ್ರಿ ಪಂದ್ಯವಿದ್ದರೆ ಅದನ್ನೇ ಆರಿಸಿ. ನೀರಿನ ಬಾಟಲಿ, ಚೀಲದ ನಿಯಮ ಒಂದೊಂದು ಕ್ರೀಡಾಂಗಣದಲ್ಲಿ ಒಂದೊಂದು ತರಹ. ಅನೇಕ ಕಡೆ ಪಾರದರ್ಶಕ ಚೀಲಕ್ಕೆ ಮಾತ್ರ ಪ್ರವೇಶ. ಮೊದಲೇ ವಿಚಾರಿಸಿಕೊಳ್ಳಿ. ಬಿಯರು ಬೇಡ. ಮಧ್ಯೆ ಮಧ್ಯೆ ಎದ್ದು ನೆರಳಿಗೆ ಹೋಗಿ, ಪ್ರಥಮ ಚಿಕಿತ್ಸೆಯ ಜಾಗ ಎಲ್ಲಿದೆಯೆಂದು ಬಂದ ಕೂಡಲೇ ನೋಡಿಟ್ಟುಕೊಳ್ಳಿ. ತಲೆಸುತ್ತು, ವಾಕರಿಕೆ, ಮೈ ತಣ್ಣಗೆ ಬೆವರುವುದು ಕಂಡರೆ ಹೊರಡಿ. ಮಾತು ತೊದಲಿದರೆ, ಗಲಿಬಿಲಿಯಾದರೆ, ಎಚ್ಚರ ತಪ್ಪಿದರೆ ಜೊತೆಯವರು ತಕ್ಷಣ 911ಕ್ಕೆ ಕರೆ ಮಾಡಿ ಮೈ ತಣಿಸಲು ಶುರುಮಾಡಬೇಕು. ಇದು ಮಗನಿಗೂ ಗೊತ್ತಿರಲಿ.

ಎಷ್ಟು ದಿನವಾದರೂ ಈ ನಾಚಿಕೆ ನಿದ್ದೆ ಕೆಡಿಸುತ್ತಿದ್ದರೆ, ಆಪ್ತಸಮಾಲೋಚಕರೊಬ್ಬರನ್ನು ಕಾಣಲು ಹಿಂಜರಿಯಬೇಡಿ.

ನಿಮ್ಮ ಪತ್ರದಲ್ಲಿ ಮಗ ಬೇಸರಪಟ್ಟ ಎಂದು ಎಲ್ಲೂ ಇಲ್ಲ. ಬೇಸರವಿದ್ದಿದ್ದರೆ ಮತ್ತೆ ಕರೆಯುತ್ತಿದ್ದನೆ? ‘ನನಗೆ ಆಗದಿದ್ದರೆ ನಾನು ಹೋಟೆಲಿಗೆ ಹೋಗಿ ಟಿವಿಯಲ್ಲಿ ನೋಡುತ್ತೇನಪ್ಪಾ, ನೀನು ಗೆಳೆಯರ ಜೊತೆ ಇರು’ ಎಂದು ಅವನಿಗೆ ಹೇಳಿ ನೋಡಿ. ಟಿಕೆಟ್ ಕೊಳ್ಳುವ ಮೊದಲೇ ಈ ಮಾತಾಗಲಿ.